ಮೊದಲ ಮಾತು ಯಾವ ಭಾಷೆಯಲ್ಲಿ?

(ಶಿವಮೊಗ್ಗದಲ್ಲಿ ಗೆಳೆಯರ ಬಳಗದ ಮುಂದೆ ಆಡಿದ ಮಾತುಗಳ ಬರಹ ರೂಪ)

ನಮಸ್ಕಾರ. ಪರಿಚಯ ಮಾಡಿಕೊಟ್ಟವರು ನನ್ನನ್ನು ವೆಲ್ಷ್ ಭಾಷಾ ತಜ್ಞೆ ಅಂದರು. ಅದನ್ನು ಮೊದಲು ತಿದ್ದಿಬಿಡುತ್ತೇನೆ. ನಾನು ಫಿಸಿಯೋಥೆರಪಿಸ್ಟ್. ಲಕ್ವ ಹೊಡೆದವರನ್ನು, ಸೊಂಟ ಮುರಿದುಕೊಂಡವರನ್ನು ಹಾಸಿಗೆಯಿಂದ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುವುದು ನನ್ನ ಕಸುಬು. ಬ್ರಿಟನ್ನಿನಲ್ಲಿ ಇಂಗ್ಲೆಂಡಿನ ಪಶ್ಚಿಮಕ್ಕೆ ಅಂಟಿಕೊಂಡ ನಾಡು ವೇಲ್ಸ್, ವೆಲ್ಷ್ ಅಲ್ಲಿನ ಭಾಷೆ. ಅದರ ವಾಯವ್ಯ ಮೂಲೆಯಲ್ಲಿ ಗ್ವಿನೆದ್ ಅಂತ ಒಂದು ಸೀಮೆ ಇದೆ. ಅಲ್ಲಿ ಒಂಬತ್ತು ವರ್ಷ ಇದೇ ಕೆಲಸ ಮಾಡಿದೆ. ಆ ಒಂಬತ್ತು ವರ್ಷದಲ್ಲಿ ತಪ್ಪುತಪ್ಪಾಗಿ ಕಲಿತ ಒಂದು ಭಾಷೆಯ ಬಗ್ಗೆ, ಅದನ್ನು ಆಡುವ ಜನರ ಬಗ್ಗೆ ಇವತ್ತು ಮಾತಾಡುತ್ತೇನೆ.

ಹೋದ ಮೊದಲ ವಾರದ ಸಂಗತಿಯಿಂದ ಶುರು ಮಾಡುತ್ತೇನೆ. ಆಸ್ಪತ್ರೆಯ ವಾರ್ಡಿನ ಹಿಂದೆ ಸಿಬ್ಬಂದಿ ಚಹಾ ಕುಡಿಯುವ ಪುಟ್ಟ ಕೋಣೆ. ಹೊರಗಿನಿಂದಲೇ ಮಾತು, ನಗು ಕೇಳಿಸುತ್ತಿತ್ತು. ಒಂದು ಪದವೂ ತಿಳಿಯಲಿಲ್ಲ. ಬಾಗಿಲು ತೆಗೆದೆ. ಐದು ಜನ ಕೂತಿದ್ದರು. ಹೇಳುತ್ತಿದ್ದ ವಾಕ್ಯದ ಅರ್ಧದಲ್ಲೇ ಒಬ್ಬಾಕೆ ಇಂಗ್ಲಿಷಿಗೆ ಹೊರಳಿದಳು, ಉಳಿದ ನಾಲ್ವರೂ ಅವಳ ಹಿಂದೆ. ಯಾರೂ ಹೇಳಿಕೊಟ್ಟಿದ್ದಲ್ಲ, ಯಾರೂ ಮುಖ ಸಿಂಡರಿಸಲೂ ಇಲ್ಲ. ಎಷ್ಟು ಒಳ್ಳೆಯ ಜನ ಅಂದುಕೊಂಡು ಖುಷಿಯಾಗಿ ಕೂತೆ. ಐದು ಜನರ ಭಾಷೆಯನ್ನು ಬರೀ ಬಾಗಿಲು ತೆಗೆದು ಬದಲಾಯಿಸಿದೆನಲ್ಲ ಅಂತ ನನಗೆ ಹೊಳೆಯಲು ಒಂದು ವರ್ಷವೇ ಹಿಡಿಯಿತು.

ಇಂಗ್ಲೆಂಡಿನಲ್ಲಿ ಒಂದು ಹಳೆಯ ದೂರು ಇದೆ. ರಜೆಗೆಂದು ವೇಲ್ಸ್‌ಗೆ ಹೋದವರು ಬಂದು ಹೇಳುತ್ತಾರೆ: ‘ನಾವು ಪಬ್ಬಿನ ಒಳಗೆ ಕಾಲಿಟ್ಟ ತಕ್ಷಣ ಅವರೆಲ್ಲ ಬೇಕೂಂತ ವೆಲ್ಷ್‌ಗೆ ತಿರುಗಿದರು!’ ನನ್ನ ಅನುಭವದಲ್ಲಿ ಆಗುವುದು ತಿರುಗಾಮುರುಗಾ. ಅವರು ಬೆಳಗಿನಿಂದ ವೆಲ್ಷ್‌ನಲ್ಲೇ ಮಾತಾಡುತ್ತಿರುತ್ತಾರೆ, ಇವರು ಕಾಲಿಟ್ಟಾಗಲೇ ನಿಲ್ಲಿಸುವುದು.

ಲೆಕ್ಕವನ್ನು ಬೇಗ ಹೇಳಿ ಮುಗಿಸುತ್ತೇನೆ. ವೇಲ್ಸ್‌ನಲ್ಲಿ ಇರುವವರು ಸುಮಾರು 31 ಲಕ್ಷ ಜನ. 2021ರ ಜನಗಣತಿಯಲ್ಲಿ ವೆಲ್ಷ್ ಬರುತ್ತದೆ ಅಂದವರು ಸುಮಾರು 5 ಲಕ್ಷ 38 ಸಾವಿರ, ಅಂದರೆ ನೂರಕ್ಕೆ 17.8. ಹತ್ತು ವರ್ಷದ ಹಿಂದೆ ನೂರಕ್ಕೆ 19 ಇತ್ತು. 1911ರಲ್ಲಿ 9 ಲಕ್ಷ 77 ಸಾವಿರ ಇತ್ತು. ಈ ಸರಾಸರಿಯನ್ನು ನಂಬಿ ಹೋದರೆ ದಾರಿ ತಪ್ಪುತ್ತದೆ. ನಾನಿದ್ದ ಗ್ವಿನೆದ್‌ನಲ್ಲಿ ನೂರಕ್ಕೆ 64 ಜನರಿಗೆ ವೆಲ್ಷ್ ಬರುತ್ತದೆ. ಪಕ್ಕದ ಆಂಗ್ಲಸಿ ದ್ವೀಪದಲ್ಲಿ ಅರ್ಧಕ್ಕಿಂತ ಹೆಚ್ಚು. ಕಯರ್ನಾರ್ವೊನ್ ಪೇಟೆಯಲ್ಲಿ ಕೋಟೆಯ ಕೆಳಗೆ ನಿಂತು ಕಣ್ಣುಮುಚ್ಚಿಕೊಂಡರೆ ಇಂಗ್ಲೆಂಡ್ ಎಷ್ಟು ಹತ್ತಿರ ಅನ್ನುವುದೇ ಮರೆತುಹೋಗುತ್ತದೆ. ಪೂರ್ವದ ಗಡಿಯ ಊರುಗಳಲ್ಲಾದರೆ ದಿನಗಟ್ಟಲೆ ತಿರುಗಿದರೂ ಬೋರ್ಡಿನ ಮೇಲೆ ಕಂಡ ವೆಲ್ಷ್ ಕಿವಿಗೆ ಬೀಳುವುದಿಲ್ಲ. ಅಲ್ಲಿನದೇ ಇನ್ನೊಂದು ಸಮೀಕ್ಷೆ ವೆಲ್ಷ್ ಬಲ್ಲವರು ಎಂಟು ಲಕ್ಷಕ್ಕೂ ಹೆಚ್ಚು ಅನ್ನುತ್ತದೆ. ‘ಬರುತ್ತದೆ’ ಅನ್ನುವ ಮಾತಿಗೆ ಎಷ್ಟು ಅರ್ಥ ಇರಬಹುದು ಅಂತ ನಿಮಗೇ ಗೊತ್ತಲ್ಲ. ಶಾಲೆಯಲ್ಲಿ ಹಿಂದಿ ಓದಿದ ನಮಗೆಲ್ಲ ಹಿಂದಿ ‘ಬರುತ್ತದೆ’.

ಹೆಸರಿನ ಕಥೆಯೂ ಸ್ವಾರಸ್ಯ. ವೇಲ್ಸ್ ಅನ್ನುವುದು ಆ ಜನ ಇಟ್ಟುಕೊಂಡ ಹೆಸರಲ್ಲ. ಹಳೆಯ ಜರ್ಮಾನಿಕ್ ಭಾಷೆಗಳಲ್ಲಿ ಅನ್ಯರು, ಪರಕೀಯರು ಅನ್ನುವ ಅರ್ಥದ ಪದ ಅದು. ಹೊರಗಿನಿಂದ ಬಂದ ಸ್ಯಾಕ್ಸನ್ನರು ಮೊದಲಿನಿಂದ ಅಲ್ಲೇ ಇದ್ದವರನ್ನು ಪರಕೀಯರು ಅಂತ ಕರೆದರು. ಅವರು ತಮ್ಮನ್ನು ಕರೆದುಕೊಳ್ಳುವ ಪದದ ಮೂಲಾರ್ಥ ‘ಒಂದೇ ನಾಡಿನವರು’ ಅಂತ. ನಾಡು ಕಮ್ರಿ, ಭಾಷೆ ಕಮ್ರಾಯ್ಗ್. ಇಂಗ್ಲಿಷಿಗೂ ಇದಕ್ಕೂ ಹತ್ತಿರದ ನಂಟಿಲ್ಲ. ಇದು ಕೆಲ್ಟಿಕ್ ಭಾಷೆ. ಹತ್ತಿರದ ದಾಯಾದಿಗಳಲ್ಲಿ ಒಂದು ಸಮುದ್ರದ ಆಚೆ ಫ್ರಾನ್ಸಿನ ಬ್ರಿಟನಿಯಲ್ಲಿದೆ. ಇವತ್ತು ಅಂತಾರಾಷ್ಟ್ರೀಯ ಪಂದ್ಯಕ್ಕೆ ಹೋಗುವ ಅವರ ಫುಟ್‌ಬಾಲ್ ಸಂಸ್ಥೆ ತಂಡವನ್ನು ಕಮ್ರಿ ಅಂತಲೇ ಕರೆಯುತ್ತದೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. 1536ರಲ್ಲಿ ಎಂಟನೇ ಹೆನ್ರಿಯ ಕಾಲದ ಕಾನೂನು ವೇಲ್ಸ್ ಅನ್ನು ಇಂಗ್ಲೆಂಡಿನೊಳಗೆ ಸೇರಿಸಿತು. ಕೋರ್ಟಿನ ಭಾಷೆ ಇಂಗ್ಲಿಷ್, ಅದು ಬಾರದವನಿಗೆ ಸರ್ಕಾರಿ ಹುದ್ದೆ ಇಲ್ಲ ಅಂತ ಬರೆಯಿತು. ಆಗ ಅಲ್ಲಿನ ಬಹುಪಾಲು ಜನರಿಗೆ ವೆಲ್ಷ್ ಬಿಟ್ಟು ಬೇರೆ ಏನೂ ಬರುತ್ತಿರಲಿಲ್ಲ. ಅಂಥದರಲ್ಲಿ ಭಾಷೆಯನ್ನು ಉಳಿಸಿದ್ದು ಚರ್ಚು. 1588ರಲ್ಲಿ ವಿಲಿಯಂ ಮಾರ್ಗನ್ ಅನ್ನುವ ಪಾದ್ರಿ ಬೈಬಲ್ಲನ್ನು ಪೂರ್ತಿ ವೆಲ್ಷ್‌ಗೆ ತಂದ. ಅದಕ್ಕೆ ದಾರಿ ಮಾಡಿದ 1563ರ ಕಾನೂನಿನಲ್ಲಿ ಒಂದು ತಮಾಷೆ ಇದೆ: ವೆಲ್ಷ್ ಬೈಬಲ್ ಪಕ್ಕದಲ್ಲೇ ಇಂಗ್ಲಿಷ್ ಬೈಬಲ್ಲೂ ಇಡಬೇಕು, ಎರಡನ್ನೂ ಹೋಲಿಸಿ ಓದಿ ಜನ ಇಂಗ್ಲಿಷ್ ಕಲಿಯಲಿ ಅಂತ. ಜನ ವೆಲ್ಷ್‌ನದನ್ನೇ ಓದಿದರು. ಊರಿಗೊಂದು ಆಡುಮಾತಾಗಿ ಚದುರಿಹೋಗಬಹುದಾಗಿದ್ದ ಭಾಷೆಗೆ ಎಲ್ಲರೂ ಒಪ್ಪುವ ಬರಹ ರೂಪ ಸಿಕ್ಕಿತು. ಮುಂದೆ ಭಾನುವಾರದ ಶಾಲೆಗಳಲ್ಲಿ ಕೂಲಿಯವರೂ ಓದು ಕಲಿತದ್ದು ಅದರಿಂದಲೇ.

1847ರ ಸಂಗತಿ ಮಾತ್ರ ಇವತ್ತಿಗೂ ಹಸಿಗಾಯ. ಲಂಡನ್ನಿನ ಸರ್ಕಾರ ವೇಲ್ಸ್‌ನ ಶಾಲೆಗಳನ್ನು ನೋಡಿಬರಲು ಮೂರು ಜನ ಇಂಗ್ಲಿಷರನ್ನು ಕಳಿಸಿತು. ಮೂವರಿಗೂ ವೆಲ್ಷ್ ಬಾರದು. ಅವರು ಬರೆದ ವರದಿ ಶಾಲೆಗಳ ಕಳಪೆತನದ ಜೊತೆಗೆ ಜನರ ನಡತೆಯನ್ನೂ ಹಳಿದು, ಅವರ ಹಿಂದುಳಿಕೆಗೆ ಭಾಷೆಯ ಕಡೆಗೇ ಬೆರಳು ಮಾಡಿತು. ವರದಿಯ ಹೊದಿಕೆ ನೀಲಿ. ಹಾಗಾಗಿ ‘ನೀಲಿ ಪುಸ್ತಕಗಳ ದ್ರೋಹ’ ಅಂತಲೇ ಆ ಘಟನೆಗೆ ಹೆಸರು. ಅದೇ ಶತಮಾನದಲ್ಲಿ ಕೆಲವು ಶಾಲೆಗಳಲ್ಲಿ ಒಂದು ಮರದ ತುಂಡು ಇರುತ್ತಿತ್ತು. ವೆಲ್ಷ್ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಅದು. ಇನ್ನೊಬ್ಬ ಮಾತಾಡಿದ್ದು ಕೇಳಿಸಿದರೆ ಅವನ ಕೊರಳಿಗೆ ದಾಟಿಸಬಹುದು. ಸಂಜೆ ಗಂಟೆ ಹೊಡೆದಾಗ ಯಾರ ಕೊರಳಲ್ಲಿ ಇದೆಯೋ ಅವರಿಗೆ ಏಟು. ಸರ್ಕಾರ ಆಜ್ಞೆ ಮಾಡಿದ್ದಲ್ಲ ಇದು. ಎಷ್ಟೋ ಕಡೆ ಅಪ್ಪ ಅಮ್ಮಂದಿರೇ ಒಪ್ಪಿ ನಡೆದದ್ದು. ಕನ್ನಡ ಮಾತಾಡಿದ್ದಕ್ಕೆ ದಂಡ ಕಟ್ಟಿದವರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಬೇಡಿ, ನಾನೂ ಎತ್ತಬೇಕಾಗುತ್ತದೆ.

ಈಗ ನನಗೆ ತುಂಬ ಇಷ್ಟದ ಕಥೆಗೆ ಬರುತ್ತೇನೆ. 1952. ದಕ್ಷಿಣ ವೇಲ್ಸ್‌ನಲ್ಲಿ ಲನೆಲಿ ಪಟ್ಟಣದ ಹತ್ತಿರ ಲಾನ್‌ಗೆನೆಖ್ ಅಂತ ಹಳ್ಳಿ. ಟ್ರೆವರ್ ಬೀಸ್ಲಿ ಕಲ್ಲಿದ್ದಲ ಗಣಿ ಕೆಲಸದವರು, ಹೆಂಡತಿ ಐಲೀನ್ ಶಿಕ್ಷಕಿ. ಮನೆಗಂದಾಯದ ನೋಟೀಸು ಬಂತು, ಇಂಗ್ಲಿಷಿನಲ್ಲಿ. ‘ವೆಲ್ಷ್‌ನಲ್ಲಿ ಕಳಿಸಿ, ಕಟ್ಟುತ್ತೇವೆ’ ಅಂತ ಬರೆದರು. ಆಗ ಆ ಗ್ರಾಮಾಂತರ ಸೀಮೆಯಲ್ಲಿ ಹತ್ತರಲ್ಲಿ ಎಂಟು ಜನ ವೆಲ್ಷ್ ಆಡುವವರು. ನೋಟೀಸು ಕಳಿಸಿದ ಕೌನ್ಸಿಲಿನ, ಅಂದರೆ ಸ್ಥಳೀಯ ಆಡಳಿತದ, ಸದಸ್ಯರೂ ವೆಲ್ಷ್‌ನವರು, ಕಚೇರಿಯ ಸಿಬ್ಬಂದಿಯೂ ವೆಲ್ಷ್‌ನವರು. ಆದರೂ ಕಾಗದ ಮಾತ್ರ ಇಂಗ್ಲಿಷಿನದೇ ಆಗಬೇಕು! ಕೌನ್ಸಿಲು ಒಪ್ಪಲಿಲ್ಲ. ಇವರು ಕಟ್ಟಲಿಲ್ಲ. ಕೋರ್ಟಿಗೆ ಎಳೆದರು, ಮತ್ತೆ ಮತ್ತೆ ಎಳೆದರು. ಜಪ್ತಿಯವರು ಮನೆಗೆ ಬಂದು ಕುರ್ಚಿ ಮೇಜು ಹೊತ್ತುಕೊಂಡು ಹೋದರು. ಪಿಯಾನೊ ಹೋಯಿತು. ಮದುವೆಗೆ ಬಂದ ಉಡುಗೊರೆಗಳು ಹೋದವು. ಎಂಟು ವರ್ಷ ಹೀಗೇ. 1960ರಲ್ಲಿ ಕೊನೆಗೂ ಎರಡು ಭಾಷೆಯ ನೋಟೀಸು ಬಂತು. ಒಂದು ಹಾಳೆ ಕಾಗದ, ಅಷ್ಟೇ. ಆ ಎಂಟು ವರ್ಷ ಅವರ ಮನೆಯ ಖಾಲಿ ಗೋಡೆ ಹೇಗೆ ಕಾಣುತ್ತಿತ್ತೋ ಅಂತ ನಾನು ಎಷ್ಟೋ ಸಲ ಯೋಚನೆ ಮಾಡಿದ್ದೇನೆ.

1962ರ ಫೆಬ್ರವರಿಯಲ್ಲಿ ಸಾಂಡರ್ಸ್ ಲೂಯಿಸ್ ಅನ್ನುವ ನಾಟಕಕಾರರು ರೇಡಿಯೋದಲ್ಲಿ ಒಂದು ಉಪನ್ಯಾಸ ಕೊಟ್ಟರು. ಆಗ ಅವರಿಗೆ ಅರವತ್ತೆಂಟು ದಾಟಿತ್ತು. ಶೀರ್ಷಿಕೆಯನ್ನು ಕನ್ನಡಕ್ಕೆ ತಂದರೆ ‘ಭಾಷೆಯ ಹಣೆಬರಹ’. ಹೀಗೇ ನಡೆದರೆ ಇಪ್ಪತ್ತೊಂದನೇ ಶತಮಾನದ ಹೊತ್ತಿಗೆ ವೆಲ್ಷ್ ಮುಗಿಯುತ್ತದೆ ಅಂದರು. ಬೀಸ್ಲಿ ದಂಪತಿಯ ಕಥೆ ಹೇಳಿ, ಇದು ಒಬ್ಬಿಬ್ಬರ ಹಟವಾಗಿ ಉಳಿಯಬಾರದು, ಚಳವಳಿ ಆಗಬೇಕು ಅಂದರು. ಅದೇ ವರ್ಷ ಭಾಷೆಯ ಹೆಸರಲ್ಲಿ ಒಂದು ಸಂಘಟನೆ ಹುಟ್ಟಿತು. ಹುಡುಗ ಹುಡುಗಿಯರು ರಾತ್ರಿ ಹೊರಟು ಬರೀ ಇಂಗ್ಲಿಷ್ ಇದ್ದ ರಸ್ತೆ ಫಲಕಗಳಿಗೆ ಹಸಿರು ಬಣ್ಣ ಬಳಿದರು, ಕಿತ್ತರು, ಜೈಲಿಗೆ ಹೋದರು. ಅಲ್ಲಿಗೆ ಮೂರು ವರ್ಷದಲ್ಲಿ, 1965ರಲ್ಲಿ, ಲಿವರ್‌ಪೂಲ್ ನಗರಕ್ಕೆ ನೀರು ಬೇಕೆಂದು ಕಟ್ಟಿದ ಅಣೆಕಟ್ಟಿನಲ್ಲಿ ಕಾಪೆಲ್ ಕೆಲಿನ್ ಅನ್ನುವ ಊರು ಮುಳುಗಿತು. ಪೂರ್ತಿ ವೆಲ್ಷ್ ಆಡುವ ಊರು. ಶಾಲೆ, ಅಂಚೆ ಕಚೇರಿ, ಪ್ರಾರ್ಥನಾ ಮಂದಿರ ಎಲ್ಲ ನೀರಿನಡಿ. ಲಿಂಗನಮಕ್ಕಿಯ ಹಿನ್ನೀರಿನ ಜಿಲ್ಲೆಯಲ್ಲಿ ಕೂತು ಕೇಳುತ್ತಿರುವ ನಿಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ವೇಲ್ಸ್‌ನಿಂದ ಹೋದ ಸಂಸತ್ ಸದಸ್ಯರಲ್ಲಿ ಯೋಜನೆಯ ಪರವಾಗಿ ನಿಂತವರು ಇರಲಿಲ್ಲ ಅನ್ನಬಹುದು. ಆದರೂ ಮಸೂದೆ ಪಾಸಾಯಿತು. ತಮ್ಮ ಎಣಿಕೆ ಎಷ್ಟು ಸಣ್ಣದು ಅಂತ ಜನಕ್ಕೆ ಗೊತ್ತಾಗಿದ್ದು ಆವಾಗ.

ಟಿವಿ ಚಾನೆಲ್ಲಿನ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ವೆಲ್ಷ್‌ಗೆ ಪ್ರತ್ಯೇಕ ಚಾನೆಲ್ ಕೊಡುತ್ತೇವೆ ಅಂತ 1979ರ ಚುನಾವಣೆಯಲ್ಲಿ ಮಾತು ಕೊಟ್ಟಿದ್ದ ಥ್ಯಾಚರ್ ಸರ್ಕಾರ ಗೆದ್ದ ಮೇಲೆ ಹಿಂದೆ ಸರಿಯಿತು. ಗ್ವಿನ್‌ವೊರ್ ಎವನ್ಸ್ ಅಂತ ಹಿರಿಯ ನಾಯಕ, ಗಾಂಧಿಯನ್ನು ಮೆಚ್ಚಿದವರು. ‘1980ರ ಅಕ್ಟೋಬರ್ 6ರಿಂದ ಆಮರಣ ಉಪವಾಸ’ ಅಂತ ತಿಂಗಳುಗಳ ಮೊದಲೇ ದಿನ ಹೇಳಿಬಿಟ್ಟರು. ಸರ್ಕಾರ ಸೆಪ್ಟೆಂಬರಿನಲ್ಲೇ ತಲೆಬಾಗಿತು. ಉಪವಾಸ ಶುರುವಾಗಲೇ ಇಲ್ಲ. 1982ರ ನವೆಂಬರ್ 1ರಿಂದ ಚಾನೆಲ್ ನಡೆಯುತ್ತಿದೆ. ನವೆಂಬರ್ ಒಂದು! ಇದನ್ನು ಕೇಳಿದಾಗ ಅಲ್ಲಿನ ಗೆಳತಿಗೆ ನಮ್ಮ ರಾಜ್ಯೋತ್ಸವದ ಕಥೆ ಹೇಳಿದ್ದೆ.

ಕಾನೂನು ಹಂತಹಂತವಾಗಿ ಬಂತು. 1967ರಲ್ಲಿ ಒಂದಿಷ್ಟು, 1993ರಲ್ಲಿ ಇನ್ನೊಂದಿಷ್ಟು, 2011ರಲ್ಲಿ ವೇಲ್ಸ್‌ನೊಳಗೆ ಅಧಿಕೃತ ಭಾಷೆಯ ಸ್ಥಾನ, ಜೊತೆಗೆ ದೂರು ಕೇಳಲು ಒಬ್ಬ ಆಯುಕ್ತರು. 2025ರಲ್ಲಿ ಶಾಲೆಗಳಿಗಾಗಿ ಮತ್ತೊಂದು. ಇದು ದಿನನಿತ್ಯದ ಬದುಕಿನಲ್ಲಿ ಹೇಗೆ ಕಾಣುತ್ತದೆ ಅಂತ ನೋಡಿ. ಕೌನ್ಸಿಲಿನಿಂದ ಬರುವ ಪ್ರತಿ ಪತ್ರ ಎರಡು ಭಾಷೆಯಲ್ಲಿ. ಫೋನ್ ಎತ್ತಿದವರ ಮೊದಲ ನಮಸ್ಕಾರ ವೆಲ್ಷ್‌ನಲ್ಲಿ. ಸರ್ಕಾರಿ ಫಲಕದಲ್ಲಿ ವೆಲ್ಷ್ ಎಲ್ಲಿರಬೇಕು ಅಂದರೆ, ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ. ಡಾಂಬರಿನ ಮೇಲೆ ದೊಡ್ಡ ಬಿಳಿ ಅಕ್ಷರದಲ್ಲಿ ‘ಅರವ್’, ನಿಧಾನ ಅಂತ. ವೇಲ್ಸ್‌ಗೆ ಬರುವ ಯಾರೇ ಆದರೂ ಕಲಿಯುವ ಮೊದಲ ಪದ ಅದೇ, ಅದನ್ನು ಡ್ರೈವಿಂಗ್ ಸೀಟಿನಲ್ಲೇ ಕಲಿಯುತ್ತಾರೆ. ಗ್ವಿನೆದ್ ಕೌನ್ಸಿಲಿನ ಒಳಗಿನ ಕಡತ, ಸಭೆ, ಜಗಳ ಎಲ್ಲವೂ ವೆಲ್ಷ್‌ನಲ್ಲೇ. ಸ್ನೋಡನ್ ಅಂತ ಜಗತ್ತು ಕರೆಯುವ ಬೆಟ್ಟವನ್ನು ಅಲ್ಲಿನ ರಾಷ್ಟ್ರೀಯ ಉದ್ಯಾನದವರು 2022ರಿಂದ ಅದರ ವೆಲ್ಷ್ ಹೆಸರಿನಲ್ಲೇ ಕರೆಯುತ್ತಿದ್ದಾರೆ.

ಫಲಕಗಳಲ್ಲಿ ಎಡವಟ್ಟೂ ಆಗುತ್ತದೆ. 2008ರಲ್ಲಿ ಸ್ವಾನ್ಸಿಯಲ್ಲಿ ಲಾರಿಗಳಿಗೆ ಪ್ರವೇಶವಿಲ್ಲ ಅನ್ನುವ ಬೋರ್ಡು ಬೇಕಾಗಿತ್ತು. ಅನುವಾದಕರಿಗೆ ಇಮೇಲ್ ಹೋಯಿತು, ತಕ್ಷಣ ವೆಲ್ಷ್‌ನಲ್ಲಿ ಉತ್ತರ ಬಂತು. ಅದನ್ನೇ ಬೋರ್ಡಿನ ಮೇಲೆ ಬರೆಸಿದರು. ಅದರಲ್ಲಿ ಇದ್ದದ್ದು: ‘ನಾನು ಸದ್ಯ ಕಚೇರಿಯಲ್ಲಿಲ್ಲ. ಅನುವಾದ ಮಾಡಬೇಕಾದ್ದು ಇದ್ದರೆ ಕಳಿಸಿ.’ ಇನ್ನೊಂದು ಕಡೆ ಸೈಕಲ್ ಸವಾರರು ಇಳಿಯಿರಿ ಅನ್ನುವುದರ ಬದಲು ಮೂತ್ರಕೋಶದ ಉರಿಯೂತದ ಸುದ್ದಿ ಬಂದಿತ್ತು. ನಾವು ನಕ್ಕೆವು ಸರಿ, ನಮ್ಮ ಹೆದ್ದಾರಿಯ ಕನ್ನಡವನ್ನು ಒಮ್ಮೆ ನೆನಪು ಮಾಡಿಕೊಳ್ಳಿ.

ಇಷ್ಟೆಲ್ಲ ಆದ ಮೇಲೂ ನನ್ನ ಚಹಾ ಕೋಣೆಯಲ್ಲಿ ಐದು ಜನ ಇಂಗ್ಲಿಷಿಗೆ ತಿರುಗಿದ್ದು ಯಾಕೆ? ಕಾನೂನು ಕಚೇರಿಯ ಬಾಯಿ ತೆರೆಸಬಹುದು. ಜನರ ನಡುವೆ ಮೊದಲ ಮಾತು ಯಾರು, ಯಾವ ಭಾಷೆಯಲ್ಲಿ ಆಡುತ್ತಾರೆ ಅನ್ನುವುದು ಕಾನೂನಿನ ಕೈಗೆ ಸಿಗುವಂಥದ್ದಲ್ಲ. ಇಬ್ಬರು ಅಪರಿಚಿತರು ಕೌಂಟರಿನ ಎರಡು ಕಡೆ ನಿಂತಿದ್ದಾರೆ, ಇಬ್ಬರದೂ ಮನೆಮಾತು ವೆಲ್ಷ್. ಒಬ್ಬರಿಗೆ ಇನ್ನೊಬ್ಬರದು ಗೊತ್ತಿಲ್ಲ. ಯಾಕೆ ಮುಜುಗರ ಅಂತ ಇಬ್ಬರೂ ಇಂಗ್ಲಿಷಿನಲ್ಲಿ ವ್ಯವಹಾರ ಮುಗಿಸುತ್ತಾರೆ. ಬೆಂಗಳೂರಿನ ಮಾಲಿನಲ್ಲಿ ನೀವೂ ಹೀಗೆ ಮಾಡಿದ್ದೀರಿ. ಬಿಲ್ ತೆಗೆದುಕೊಂಡು ಹೊರಡುವಾಗ ಆ ಹುಡುಗಿ ಫೋನಿನಲ್ಲಿ ‘ಅಮ್ಮ, ಆಮೇಲೆ ಮಾಡ್ತೀನಿ’ ಅನ್ನುವುದು ಕೇಳಿಸುತ್ತದೆ.

ಇದಕ್ಕೆ ಅಲ್ಲಿ ಕಂಡುಕೊಂಡ ಉಪಾಯ ಒಂದು ಬ್ಯಾಜು. ಕಿತ್ತಳೆ ಬಣ್ಣ, ಮಾತಿನ ಗುಳ್ಳೆಯ ಆಕಾರ. ಅದನ್ನು ಹಾಕಿಕೊಂಡವರ ಹತ್ತಿರ ವೆಲ್ಷ್‌ನಲ್ಲಿ ಶುರು ಮಾಡಬಹುದು ಅಂತ ಅರ್ಥ. ನರ್ಸುಗಳ ಸಮವಸ್ತ್ರದ ಮೇಲೂ ಇರುತ್ತದೆ. ಆಸ್ಪತ್ರೆಗಳಿಗೆ ಇದರ ಜೊತೆ 2012ರಿಂದ ಇನ್ನೊಂದು ನೀತಿ ಇದೆ: ರೋಗಿ ಕೇಳಲಿ ಅಂತ ಕಾಯಬೇಡಿ, ವೆಲ್ಷ್‌ನಲ್ಲಿ ಸೇವೆ ಇದೆ ಅಂತ ನೀವೇ ಮೊದಲು ಹೇಳಿ. ಬಂದ ಹೊಸತರಲ್ಲಿ ಇದನ್ನು ತರಬೇತಿಯಲ್ಲಿ ಕೇಳಿ, ಸರ್ಕಾರಿ ಮಾತು ಅಂತ ಮನಸ್ಸಿನಲ್ಲೇ ತಳ್ಳಿಹಾಕಿದ್ದೆ.

ಆಮೇಲೆ ಆ ಅಜ್ಜಿ ಬಂದರು. ಎಂಬತ್ತಾರು ವರ್ಷ, ಬೆಟ್ಟದ ತಪ್ಪಲಿನ ಕುರಿ ಸಾಕುವ ಮನೆಯವರು. ಲಕ್ವ ಹೊಡೆದು ಬಲಗೈ ಬಲಗಾಲು ಸೋತಿತ್ತು. ಕಾಗದದಲ್ಲಿ ‘ಸೂಚನೆಗಳನ್ನು ಪಾಲಿಸುತ್ತಿಲ್ಲ’ ಅಂತ ಬರೆದಿತ್ತು. ಎರಡು ದಿನ ನಾನೂ ಅದನ್ನೇ ಬರೆದೆ. ಏಳಿ ಅಂದರೆ ನನ್ನ ಮುಖ ನೋಡುವರು, ಅಷ್ಟೇ. ಮೂರನೇ ದಿನ ನನ್ನ ಜೊತೆಗೆ ಬಂದ ಸಹಾಯಕಿ ಪಕ್ಕದಲ್ಲಿ ಬಗ್ಗಿ, ಮೆಲ್ಲಗೆ, ‘ಕೊದುಖ್ ರೂಅನ್’ ಅಂದಳು. ಈಗ ಏಳಿ ಅಂತ. ಬಹುವಚನ ಹಾಕಿ, ಹಿರಿಯರಿಗೆ ಹೇಳುವ ಹಾಗೆ. ಅವರಲ್ಲೂ ನಮ್ಮ ಹಾಗೆ ನೀನು ಬೇರೆ, ನೀವು ಬೇರೆ. ಅಜ್ಜಿ ಎಡಗೈಯಲ್ಲಿ ಹಾಸಿಗೆಯ ಕಂಬಿ ಹಿಡಿದರು. ಎದ್ದು ನಿಂತರು. ಹನ್ನೊಂದು ಸೆಕೆಂಡು ನಿಂತರು, ನಾನು ಎಣಿಸುತ್ತಿದ್ದೆ. ಇಂಗ್ಲಿಷನ್ನು ಅವರು ಶಾಲೆಗೆ ಹೋದ ಮೇಲೆ ಕಲಿತವರು. ಬಂದ ಕಾಯಿಲೆ, ಆಮೇಲೆ ಬಂದದ್ದನ್ನು ಮೊದಲು ಒಯ್ದಿತ್ತು. ಎಲ್ಲರಲ್ಲೂ ಹೀಗೇ ಆಗುತ್ತದೆ ಅಂತಲ್ಲ, ಆದರೆ ಅಪರೂಪವೂ ಅಲ್ಲ. ಎರಡು ದಿನದ ಆ ಟಿಪ್ಪಣಿಯ ಕೆಳಗೆ ಇರುವುದು ನನ್ನದೇ ಸಹಿ.

ಮರುವಾರ ಸಂಜೆ ತರಗತಿಗೆ ಸೇರಿದೆ.

ಕಲಿಯುವಾಗ ಒಂದು ಮಜಾ ಆಯಿತು. ವೆಲ್ಷ್‌ನಲ್ಲಿ ಎಲ್ಲರೂ ಹೆದರುವುದು ಒಂದೇ ವಿಷಯಕ್ಕೆ: ಪದದ ಮೊದಲ ಅಕ್ಷರ ಬದಲಾಗುತ್ತದೆ. ಚಹಾ ‘ತೇ’. ಒಂದು ಕಪ್ ಚಹಾ ಅಂದರೆ ‘ಪನೆದ್ ಓ ದೇ’. ‘ಕೋಫಿ’ ಹೋಗಿ ‘ಪನೆದ್ ಓ ಗೋಫಿ’. ಇಂಗ್ಲಿಷರು ತಲೆ ಚಚ್ಚಿಕೊಳ್ಳುತ್ತಿದ್ದರು. ಮೇಷ್ಟ್ರು ಬೋರ್ಡಿನ ಮೇಲೆ ಬರೆದರು: ಕ ಇದ್ದದ್ದು ಗ, ತ ಇದ್ದದ್ದು ದ, ಪ ಇದ್ದದ್ದು ಬ. ನಾನು ಜೋರಾಗಿ ನಕ್ಕುಬಿಟ್ಟೆ. ಎಂಟನೇ ಕ್ಲಾಸಿನ ಆದೇಶ ಸಂಧಿ! ಮಳೆ ಕಾಲ ಮಳೆಗಾಲ, ಬೆಟ್ಟ ತಾವರೆ ಬೆಟ್ಟದಾವರೆ, ಕಣ್ ಪನಿ ಕಂಬನಿ. ಎರಡು ಭಾಷೆಗೂ ಸಂಬಂಧ ಇಲ್ಲ. ಬಾಯಿ ಒಂದೇ, ಹಾಗಾಗಿ ಅದು ಹುಡುಕುವ ಸುಲಭದ ದಾರಿಯೂ ಒಂದೇ ಇರಬೇಕು. ಅವರದು ಇನ್ನೂ ಮುಂದೆ ಹೋಗುತ್ತದೆ. ಬೆಕ್ಕು ‘ಕಾಥ್’. ‘ಇ ಗಾಥ್’ ಅಂದರೆ ಅವನ ಬೆಕ್ಕು, ‘ಇ ಖಾಥ್’ ಅಂದರೆ ಅವಳ ಬೆಕ್ಕು. ಬೆಕ್ಕಿನ ಮೊದಲ ಅಕ್ಷರ ಕೇಳಿಸದಿದ್ದರೆ ಯಜಮಾನ ಯಾರು ಅಂತಲೇ ಗೊತ್ತಾಗುವುದಿಲ್ಲ.

ಇನ್ನು ನಮ್ಮ ‘ಙ’. ವರ್ಣಮಾಲೆಯಲ್ಲಿ ಜಾಗ ಹಿಡಿದು, ಜೀವನದಲ್ಲಿ ಒಂದು ಪದವನ್ನೂ ಶುರು ಮಾಡದೆ ಕೂತಿರುವ ಅಕ್ಷರ. ಒಂದನೇ ಕ್ಲಾಸಿನಲ್ಲಿ ಇದನ್ನು ಯಾಕೆ ಕಲಿಸಿದರು ಅಂತ ನನಗೆ ವೇಲ್ಸ್‌ನಲ್ಲಿ ಗೊತ್ತಾಯಿತು. ಕಾರ್ಡಿಫ್ ನಗರದ ವೆಲ್ಷ್ ಹೆಸರು ಕಾಯರ್‌ದೀದ್. ಕಾರ್ಡಿಫಿನಲ್ಲಿ ಅನ್ನಬೇಕಾದರೆ ಅದು ‘ಙ್ಹಾಯರ್‌ದೀದ್’ ಆಗುತ್ತದೆ. ತರಗತಿಯಲ್ಲಿ ಇದನ್ನು ಮೊದಲ ಸಲಕ್ಕೇ ಹೇಳಿದವಳು ನಾನೊಬ್ಬಳೇ. ಲಾನ್‌ಗೆನೆಖ್ ಅಂತ ಆಗಲೇ ಹೇಳಿದೆನಲ್ಲ, ಅದರ ಮೊದಲ ‘ಲ’ ಮಾತ್ರ ನಮ್ಮದಲ್ಲ. ಲ ಹೇಳುವ ಹಾಗೆ ನಾಲಿಗೆ ಇಟ್ಟು, ಸ್ವರ ಬಿಡದೆ ಪಕ್ಕದಿಂದ ಗಾಳಿ ಊದಬೇಕು. ‘ಳ’ ಬಂದವಳಿಗೆ ಇದೇನು ಮಹಾ ಅಂದುಕೊಂಡಿದ್ದೆ. ಆರು ತಿಂಗಳು ಹಿಡಿಯಿತು.

ಮೊದಲ ಪರೀಕ್ಷೆ ಪುಲ್‌ಹೇಲಿಯ ಬುಧವಾರದ ಸಂತೆಯಲ್ಲಿ. ಚಹಾ ಅಂಗಡಿಯಾತನಿಗೆ ‘ಪನೆದ್ ಓ ದೇ’ ಅಂದೆ. ಆತ ಕಣ್ಣು ಕೂಡ ಮಿಟುಕಿಸದೆ ‘ಲೆವ್ರಿಥ್?’ ಅಂದ. ನಾನು ಕಕ್ಕಾಬಿಕ್ಕಿ. ಡ್ಯುಲಿಂಗೊ ಅನ್ನುವ ಭಾಷೆ ಕಲಿಸುವ ಆ್ಯಪಿನಲ್ಲಿ ಹಾಲಿಗೆ ನಾನು ಕಲಿತದ್ದು ‘ಲಾಯ್ಥ್’, ಅದು ದಕ್ಷಿಣದವರ ಮಾತು. ಉತ್ತರದವರಿಗೆ ಹಾಲು ಬೇರೆ, ‘ಈಗ’ ಅನ್ನುವುದು ಬೇರೆ. ಈಗ ಅನ್ನಲು ಉತ್ತರದಲ್ಲಿ ರೂಅನ್, ದಕ್ಷಿಣದಲ್ಲಿ ನಾವ್ರ್. ಅವರ ಲಿಪಿಯಲ್ಲಿ ಬರೆದು ಒಂದನ್ನು ಹಿಂದುಮುಂದು ಮಾಡಿದರೆ ಇನ್ನೊಂದು. ಅಜ್ಜಿಗೆ ಉತ್ತರದಲ್ಲಿ ನೈನ್, ದಕ್ಷಿಣದಲ್ಲಿ ಮಮ್‌ಗೀ. ಧಾರವಾಡಕ್ಕೆ ಹೋದ ಮೈಸೂರಿನವರ ಪಾಡು ನನ್ನದು. ಆದರೆ ಆತ ಇಂಗ್ಲಿಷಿಗೆ ತಿರುಗಲಿಲ್ಲ. ಹಾಲಿನ ಡಬ್ಬಿ ಎತ್ತಿ ತೋರಿಸಿ ಮತ್ತೆ ‘ಲೆವ್ರಿಥ್’ ಅಂದ. ಆ ಮನುಷ್ಯನಿಗೆ ನಾನು ಇವತ್ತಿಗೂ ಋಣಿ. ಬಹಳಷ್ಟು ಕಡೆ ನಾನು ಒಂದು ವಾಕ್ಯ ತಡವರಿಸುವ ಮೊದಲೇ ಕರುಣೆಯಿಂದ ಇಂಗ್ಲಿಷ್ ಬಂದುಬಿಡುತ್ತಿತ್ತು.

ವೇಲ್ಸ್ ಸರ್ಕಾರದ ಗುರಿ 2050ಕ್ಕೆ ವೆಲ್ಷ್ ಬಲ್ಲ ಹತ್ತು ಲಕ್ಷ ಜನ. 2017ರಲ್ಲಿ ಘೋಷಿಸಿದ್ದು. ಅದೇ ಕಾಗದದಲ್ಲಿ ಎರಡನೇ ಗುರಿಯೊಂದಿದೆ, ಅದನ್ನು ಯಾರೂ ಅಷ್ಟಾಗಿ ಉಲ್ಲೇಖಿಸುವುದಿಲ್ಲ: ದಿನವೂ ವೆಲ್ಷ್ ಆಡುವವರನ್ನು ನೂರಕ್ಕೆ ಹತ್ತರಿಂದ ಇಪ್ಪತ್ತಕ್ಕೆ ಏರಿಸುವುದು. ನನ್ನ ಪ್ರಕಾರ ಕಷ್ಟ ಇರುವುದು ಇದರಲ್ಲಿ. ಕಲಿಸುವುದು ಅವರಿಗೆ ಗೊತ್ತು. 1939ರಲ್ಲಿ ಅಬರಿಸ್ಟ್‌ವಿತ್‌ನಲ್ಲಿ ಏಳು ಮಕ್ಕಳಿಂದ ಶುರುವಾದ ವೆಲ್ಷ್ ಮಾಧ್ಯಮದ ಶಾಲೆ ಇವತ್ತು ಊರೂರಿಗೆ ಹರಡಿದೆ. ಮನೆಯಲ್ಲಿ ಒಂದಕ್ಷರ ವೆಲ್ಷ್ ಬಾರದ ಅಪ್ಪ ಅಮ್ಮಂದಿರೂ ಕಾರ್ಡಿಫಿನಲ್ಲಿ ಮಕ್ಕಳನ್ನು ಅಲ್ಲಿಗೇ ಕಳಿಸುತ್ತಾರೆ. ಮಕ್ಕಳು ತರಗತಿಯಲ್ಲಿ ಗಣಿತ ವಿಜ್ಞಾನ ಎಲ್ಲ ವೆಲ್ಷ್‌ನಲ್ಲಿ ಕಲಿಯುತ್ತಾರೆ, ಗಂಟೆ ಹೊಡೆದ ಕೂಡಲೇ ಆಟದ ಮೈದಾನದಲ್ಲಿ ಇಂಗ್ಲಿಷಿನಲ್ಲಿ ಬೈದಾಡುತ್ತಾರೆ. 2021ರ ಗಣತಿಯಲ್ಲಿ ಹೆಚ್ಚು ಇಳಿಕೆ ಕಂಡದ್ದೂ ಮೂರರಿಂದ ಹದಿನೈದು ವರ್ಷದ ಮಕ್ಕಳಲ್ಲೇ. ಕೋವಿಡ್ಡಿನಿಂದ ಶಾಲೆ ಮುಚ್ಚಿ ಮಕ್ಕಳು ಮನೆಯಲ್ಲೇ ಕೂತಿದ್ದ ಕಾಲದಲ್ಲಿ ಎಣಿಸಿದ್ದು, ಎಣಿಸಿದವರು ಅಪ್ಪ ಅಮ್ಮ ಅನ್ನುವುದೂ ನೆನಪಿರಲಿ.

ಭಾಷೆ ಗಟ್ಟಿ ಇರುವ ಹಳ್ಳಿಗಳಿಗೆ ಬೇರೆ ಕಾಯಿಲೆ. ಸಮುದ್ರ ತೀರ ಚೆಂದ, ಹಾಗಾಗಿ ಇಂಗ್ಲೆಂಡಿನ ದುಡ್ಡಿನವರು ರಜೆಗೆಂದು ಎರಡನೇ ಮನೆ ಕೊಳ್ಳುತ್ತಾರೆ. ಊರಿನ ಹುಡುಗನಿಗೆ ಆ ಬೆಲೆ ನಿಲುಕುವುದಿಲ್ಲ. ಅಬರ್‌ಸೋಖ್ ಅನ್ನುವ ಊರ ಶಾಲೆ 2021ರ ಕೊನೆಗೆ ಮುಚ್ಚಿತು. ಮಕ್ಕಳು ಹತ್ತರೊಳಗೆ ಇದ್ದರು. ಆಗಸ್ಟಿನಲ್ಲಿ ಅಲ್ಲಿ ಕಾರು ನಿಲ್ಲಿಸಲು ಜಾಗ ಸಿಗದು, ಜನವರಿಯ ಸಂಜೆ ಹೋದರೆ ಸಾಲುಸಾಲು ಕತ್ತಲೆ ಕಿಟಕಿ. ಅಂಥ ಮನೆಗಳ ಮೇಲೆ ನಾಲ್ಕು ಪಟ್ಟಿನವರೆಗೂ ತೆರಿಗೆ ಹಾಕಲು ಕೌನ್ಸಿಲುಗಳಿಗೆ 2023ರಿಂದ ಅಧಿಕಾರ ಇದೆ. ಮನೆ ಮಾರಾಟದ ವಿಷಯವನ್ನು ಭಾಷೆಯ ವಿಷಯ ಅಂತ ಗುರುತಿಸಿದ್ದು ದೊಡ್ಡದು ಅಂತ ನನಗೆ ಅನ್ನಿಸುತ್ತದೆ.

ಭಾರತದ ಕಡೆಗೆ ಒಂದು ಸಣ್ಣ ದಾರಿ ಇದೆ, ಹೇಳದೆ ಇರಲಾರೆ. 1841ರಲ್ಲಿ ಥಾಮಸ್ ಜೋನ್ಸ್ ಅನ್ನುವ ವೆಲ್ಷ್ ಪಾದ್ರಿ ಚಿರಾಪುಂಜಿಗೆ ಬಂದು ಖಾಸಿ ಭಾಷೆಗೆ ರೋಮನ್ ಲಿಪಿ ಹೊಂದಿಸಿದ. ಖಾಸಿ ಅಕ್ಷರಮಾಲೆಯಲ್ಲಿ ಇವತ್ತಿಗೂ ‘ಗ’ ಆದ ಮೇಲೆ ಬರುವುದು ‘ಙ’, ಥೇಟ್ ವೆಲ್ಷ್ ಕ್ರಮ. ಮೇಘಾಲಯದ ಮಗು ಇವತ್ತು ಅಕ್ಷರ ಒಪ್ಪಿಸುವಾಗ ವೇಲ್ಸ್‌ನ ಹಳ್ಳಿ ಶಾಲೆಯ ಸಾಲೊಂದು ಅದರ ಬಾಯಲ್ಲಿ ಬರುತ್ತದೆ.

ಕೊನೆಗೆ ಸಭೆಯಲ್ಲಿ ಹಿರಿಯರೊಬ್ಬರು ಎದ್ದು ಕೇಳಿದರು: ‘ಅಮ್ಮಾ, ಅಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತಲ್ಲ. ಮತ್ತೆ ಇಷ್ಟು ಖರ್ಚು ಯಾಕೆ?’ ಈ ಪ್ರಶ್ನೆ ಅಲ್ಲೂ ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಬರುತ್ತದೆ ಸಾರ್. ಲಂಡನ್ನಿನ ಒಂದು ದೊಡ್ಡ ಬ್ಯಾಂಕು ಕರೆ ಮಾಡುವವರೇ ಇಲ್ಲ ಅಂತ ತನ್ನ ವೆಲ್ಷ್ ಫೋನ್ ಸೇವೆಯನ್ನು 2024ರಲ್ಲಿ ನಿಲ್ಲಿಸಿತು. ಕರೆ ಕಡಿಮೆ ಇದ್ದದ್ದು ನಿಜ. ಜೀವಮಾನವಿಡೀ ಬ್ಯಾಂಕಿನ ಹತ್ತಿರ ಇಂಗ್ಲಿಷಿನಲ್ಲೇ ಮಾತಾಡಿದವರು ಇದ್ದಕ್ಕಿದ್ದಂತೆ ಸಾಲದ ಬಡ್ಡಿಯ ವೆಲ್ಷ್ ಪದ ಎಲ್ಲಿಂದ ತರುತ್ತಾರೆ? ನಮ್ಮ ಬ್ಯಾಂಕಿನ ಎಟಿಎಮ್ಮಿನಲ್ಲಿ ಕನ್ನಡ ಒತ್ತುವವರು ಎಷ್ಟು ಜನ? ನಾನು ಒತ್ತುತ್ತಿರಲಿಲ್ಲ. ಖರ್ಚಿನ ಲೆಕ್ಕ ಹಾಕುವವರು ಆ ಅಜ್ಜಿಯ ಎರಡು ದಿನವನ್ನು ಯಾವ ಕಲಮ್ಮಿನಲ್ಲಿ ಬರೆಯುತ್ತಾರೋ ನನಗೆ ತಿಳಿಯದು.

ಇನ್ನೊಬ್ಬ ಹುಡುಗಿ, ನೀವು ಅಲ್ಲಿಂದ ಹೊರಡುವ ಹೊತ್ತಿಗೆ ಚಹಾ ಕೋಣೆ ಬದಲಾಗಿತ್ತಾ ಅಂತ ಕೇಳಿದಳು. ಸ್ವಲ್ಪ ಬದಲಾಗಿತ್ತು. ಕಲಿಯುತ್ತಿದ್ದೇನೆ ಅನ್ನುವ ಬ್ಯಾಜು ಹಾಕಿಕೊಂಡ ಮೇಲೆ ನಾನು ಬಾಗಿಲು ತೆಗೆದರೆ ಮಾತು ನಿಲ್ಲುತ್ತಿರಲಿಲ್ಲ, ನಿಧಾನವಾಗುತ್ತಿತ್ತು. ಅರವ್.

ಆದರೆ ಹೊರಡುವ ಹಿಂದಿನ ದಿನದ್ದನ್ನೂ ಹೇಳಬೇಕು. ಊರಿಗೆ ಪುಸ್ತಕದ ಪಾರ್ಸೆಲ್ ಕಳಿಸಲು ಅಂಚೆ ಕಚೇರಿಗೆ ಓಡಿದ್ದೆ. ಮುಚ್ಚಲು ಹತ್ತು ನಿಮಿಷ ಇತ್ತು, ಮಳೆ ಬೇರೆ. ತೂಕ, ವಿಳಾಸ, ಕಸ್ಟಮ್ಸ್ ಚೀಟಿ, ಎಲ್ಲ ಗಡಿಬಿಡಿ. ದುಡ್ಡು ಕೊಟ್ಟು, ಥ್ಯಾಂಕ್ ಯೂ ಅಂದು, ಕೊಡೆ ಬಿಡಿಸಲು ಬಾಗಿಲಲ್ಲಿ ನಿಂತು ತಿರುಗಿ ನೋಡಿದೆ. ಕೌಂಟರಿನ ಹುಡುಗಿಯ ಎದೆಯ ಮೇಲೆ ಕಿತ್ತಳೆ ಬ್ಯಾಜು ಇತ್ತು. ನನ್ನದು ಕೋಟಿನ ಒಳಗಿತ್ತು.